ಘಾಟಿ ರಸ್ತೆಯ ಬೈಕಿಗೆ ಹೊಸ ಸೈಲೆನ್ಸರ್ ಮತ್ತು ಪೆಟ್ರೋಲಿನ ಹದ

ಹೊಸ ಸೈಲೆನ್ಸರ್ ಹಾಕಿದ ಬೈಕು ಮಡಿಕೇರಿ ಪೇಟೆಯೊಳಗೆ ಸರಿಯಾಗಿಯೇ ಓಡುತ್ತಿರುತ್ತದೆ. ಅದರ ನಿಜಸ್ಥಿತಿ ತಿಳಿಯುವುದು ಸಂಪಾಜೆಯಿಂದ ಮೇಲೇರುವಾಗ, ಮೂರನೇ ಗೇರಿನಲ್ಲಿ ತಿರುವೊಂದನ್ನು ಮುಗಿಸಿ ಆಕ್ಸಿಲರೇಟರನ್ನು ಅರ್ಧದವರೆಗೆ ತಿರುಗಿಸಿದಾಗ. ಎಂಜಿನ್ ಒಮ್ಮೆ ಉಸಿರು ಕಟ್ಟಿದಂತಾಗಿ ಆಮೇಲೆ ಎಳೆಯುತ್ತದೆ. ಇಳಿಜಾರಿನಲ್ಲಿ ಕೈ ಸಡಿಲಿಸಿದರೆ ಹಿಂದಿನಿಂದ ಪಟಪಟನೆ ಸಿಡಿಯುತ್ತದೆ. ಮೆಕ್ಯಾನಿಕ್ ಬಳಿ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ "ಮೇನ್ ಜೆಟ್ ದೊಡ್ಡದು ಹಾಕೋಣ" ಎಂಬುದು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬೊರೇಟರಿನಲ್ಲಿ, ಪೆಟ್ರೋಲ್ ಹರಿದುಬರುವ ಸಣ್ಣ ರಂಧ್ರದ ತುಣುಕೇ ಜೆಟ್. ಕೊಡಗಿನ ರಸ್ತೆಗಳ ಮಟ್ಟಿಗೆ ಇದು ಬಹುತೇಕ ತಪ್ಪು ಉತ್ತರವೆಂದು ನನ್ನ ಅಭಿಪ್ರಾಯ. ಇಲ್ಲಿನ ತಿರುವುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ತೆರೆಯುವ ಸಂದರ್ಭವೇ ಅಪರೂಪ. ನಮ್ಮ ಸವಾರಿಯೆಲ್ಲ ಕಾಲು ಭಾಗ ಮತ್ತು ಮುಕ್ಕಾಲು ಭಾಗದ ನಡುವೆ ನಡೆಯುತ್ತದೆ, ಮತ್ತು ಆ ವ್ಯಾಪ್ತಿಯಲ್ಲಿ ಪೆಟ್ರೋಲನ್ನು ಅಳೆದು ಕೊಡುವುದು ಮೇನ್ ಜೆಟ್ ಅಲ್ಲ, ನೀಡಲ್ ಎಂಬ ಸೂಜಿ. ಆದ್ದರಿಂದ ಈ ಬರಹದಲ್ಲಿ ನೀಡಲ್‌ಗೆ ಹೆಚ್ಚು ಜಾಗ ಸಿಕ್ಕಿದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. ವಾಹನ ತಯಾರಾದಾಗಿನ ಸ್ವರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕುತ್ತದೆ. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದರೆ 190(2)ನೇ ಸೆಕ್ಷನ್ನಿನಡಿ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. 175 ಸಿಸಿ ಮೀರಿದ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿಯೇ 80 ಡೆಸಿಬೆಲ್ ಮಿತಿಯಿದೆ. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತುಹಾಕುವ ಪೂರ್ಣ ಪೈಪುಗಳು ರಸ್ತೆಗೆ ಸಲ್ಲುವುದಿಲ್ಲ. ಕನ್ವರ್ಟರನ್ನು ಹಾಗೆಯೇ ಉಳಿಸಿಕೊಂಡು ತುದಿಯ ಭಾಗವನ್ನಷ್ಟೇ ಬದಲಿಸುವ, ಶಬ್ದ ತಗ್ಗಿಸುವ ಡಿಬಿ ಕಿಲ್ಲರನ್ನು ಒಳಗಿಟ್ಟುಕೊಂಡಿರುವ ಸೈಲೆನ್ಸರ್ ಆರಿಸಿಕೊಳ್ಳುವುದು ಲೇಸು. ತಿತಿಮತಿ, ಆನೆಚೌಕೂರು ಕಡೆಯ ರಸ್ತೆಯಲ್ಲಿ ಮುಸ್ಸಂಜೆ ಓಡಾಡುವವರಿಗೆ ಶಬ್ದ ಏಕೆ ಬೇಡವೆಂದು ಪೊಲೀಸರು ಹೇಳಿಕೊಡಬೇಕಾಗಿಲ್ಲ. ತಿರುವಿನಾಚೆ ನಿಂತ ಆನೆಯೇ ಹೇಳಿಕೊಡುತ್ತದೆ.

ಸೈಲೆನ್ಸರ್ ಬದಲಾದರೆ ಪೆಟ್ರೋಲಿನ ಹದ ಏಕೆ ಕೆಡುತ್ತದೆ

ಎಂಜಿನ್ನಿನ ಹೊಗೆಯ ವಾಲ್ವ್ ಮುಚ್ಚುವ ಮೊದಲೇ ಗಾಳಿಯ ವಾಲ್ವ್ ತೆರೆಯಲಾರಂಭಿಸುತ್ತದೆ. ಆ ಅಲ್ಪ ಅವಧಿಯಲ್ಲಿ ಎರಡೂ ತೆರೆದಿರುವುದರಿಂದ, ಪೈಪಿನಲ್ಲಿ ಹೊರಹೋಗುತ್ತಿರುವ ಹೊಗೆಯ ವೇಗವು ಹೊಸ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುದರಲ್ಲಿ ಪಾಲು ಪಡೆಯುತ್ತದೆ. ಪೈಪಿನ ಉದ್ದ, ವ್ಯಾಸ, ಒಳಗಿನ ತಡೆಗಳು ಬದಲಾದಾಗ ಈ ಎಳೆತವೂ ಬದಲಾಗಿ, ಕೆಲವು ವೇಗಗಳಲ್ಲಿ ಹೆಚ್ಚು ಗಾಳಿ, ಇನ್ನು ಕೆಲವು ವೇಗಗಳಲ್ಲಿ ಕಡಿಮೆ ಗಾಳಿ ಒಳಸೇರುತ್ತದೆ. ಪೆಟ್ರೋಲ್ ಮಾತ್ರ ಹಳೆಯ ಲೆಕ್ಕದಲ್ಲಿಯೇ ಬರುತ್ತಿರುತ್ತದೆ. ಗಾಳಿ ಹೆಚ್ಚಾದರೆ ಮಿಶ್ರಣ 'ಲೀನ್', ಪೆಟ್ರೋಲ್ ಹೆಚ್ಚಾದರೆ 'ರಿಚ್'. ಹೊಗೆಯ ನಿಯಮಗಳಿಗಾಗಿ ಕಂಪನಿಯವರು ಮೊದಲೇ ಮಿಶ್ರಣವನ್ನು ಲೀನ್ ಕಡೆಗೆ ಇಟ್ಟಿರುವುದರಿಂದ, ಹೊಸ ಸೈಲೆನ್ಸರ್ ಹಾಕಿದ ಮೇಲೆ ಅದು ಇನ್ನಷ್ಟು ಲೀನ್ ಆಗುವ ಸಂಭವವೇ ಹೆಚ್ಚು.

ದಪ್ಪ ಪೈಪು ಹಾಕಿದರೆ ಶಕ್ತಿ ಹೆಚ್ಚುತ್ತದೆಂಬ ನಂಬಿಕೆಯೊಂದಿದೆ. ಪೈಪು ಅಗತ್ಯಕ್ಕಿಂತ ದಪ್ಪವಾದರೆ ಹೊಗೆಯ ವೇಗ ತಗ್ಗಿ, ಕೆಳ ಆರ್‌ಪಿಎಮ್‌ನಲ್ಲಿ ಎಳೆತ ಕುಗ್ಗುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವವರಿಗೆ ಬೇಕಾಗಿರುವುದೇ ಆ ಎಳೆತ. ಇದನ್ನು ಯಾವ ಜೆಟ್ಟೂ ಮರಳಿ ತಂದುಕೊಡಲಾರದು.

ಮೊದಲು ಜೋಡಣೆ, ಆಮೇಲೆ ಪೆಟ್ರೋಲ್

ಹಳೆಯ ಸೈಲೆನ್ಸರ್ ಇರುವಾಗಲೇ ಬೈಕನ್ನು ಪರೀಕ್ಷಿಸಿ ಬರೆದಿಟ್ಟುಕೊಳ್ಳಬೇಕು: ಸ್ಪಾರ್ಕ್ ಪ್ಲಗ್‌ನ ಬಣ್ಣ, ಐಡ್ಲಿಂಗ್ (ಆಕ್ಸಿಲರೇಟರ್ ಮುಟ್ಟದಿದ್ದಾಗಿನ) ವೇಗ, ಮೈಲೇಜ್, ಪರಿಚಿತ ಏರೊಂದರಲ್ಲಿ ಯಾವ ಗೇರಿನಲ್ಲಿ ಹೇಗೆ ಎಳೆಯುತ್ತದೆ ಎಂಬುದು. ಇದಿಲ್ಲದೆ ಮುಂದೆ ಕಂಡ ದೋಷ ಹೊಸ ಸೈಲೆನ್ಸರಿನದೋ ಹಳೆಯ ಕೊಳಕು ಏರ್ ಫಿಲ್ಟರಿನದೋ ತಿಳಿಯುವುದಿಲ್ಲ. ಏರ್ ಫಿಲ್ಟರನ್ನು ಇದೇ ಸಮಯದಲ್ಲಿ ಬದಲಿ ಮಾದರಿಗೆ ಏರಿಸುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ತೋಟದ ದಾರಿಯ ಧೂಳಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೂ ಮೂಲ ಪೇಪರ್ ಫಿಲ್ಟರೇ ತಕ್ಕುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಏನು ಮಾಡಿತೆಂದು ಬಿಡಿಸಿಕೊಳ್ಳಲಾಗುವುದಿಲ್ಲ.

ನಾನು ಕಲಿತದ್ದು ತಪ್ಪು ಮಾಡಿಯೇ. 2020ಕ್ಕಿಂತ ಹಿಂದಿನ, ಕಾರ್ಬೊರೇಟರ್ ಇರುವ 350 ಸಿಸಿ ಬುಲೆಟ್ ಒಂದಕ್ಕೆ ತೋಟದ ಕಾಫಿ ಕಣದ ಮೇಲೆ ಕುಳಿತು ನಾನೇ ಸೈಲೆನ್ಸರನ್ನೂ ಎಂಜಿನ್ನಿನಿಂದ ಅದಕ್ಕೆ ಹೋಗುವ ಬೆಂಡ್ ಪೈಪನ್ನೂ ಬದಲಿಸಿದ್ದೆ. ಇಳಿಜಾರಿನಲ್ಲಿ ಸಿಡಿತ ಶುರುವಾಯಿತು. ಲೀನ್ ಆಗಿದೆಯೆಂದು ತೀರ್ಮಾನಿಸಿ ಒಂದು ತಿಂಗಳಲ್ಲಿ ಮೂರು ಸಲ ಜೆಟ್ ಬದಲಿಸಿದೆ. ಮೈಲೇಜ್ ಇಳಿಯಿತೇ ಹೊರತು ಸಿಡಿತ ನಿಲ್ಲಲಿಲ್ಲ. ಕೊನೆಗೆ ಬೆಂಡ್ ಪೈಪನ್ನು ಮತ್ತೆ ಬಿಚ್ಚಿದಾಗ ಎಂಜಿನ್ ಹೆಡ್ಡಿನ ರಂಧ್ರದೊಳಗೆ ಹಳೆಯ ಗ್ಯಾಸ್ಕೆಟ್ಟಿನ ಉಂಗುರ ಮಸಿಯ ಬಣ್ಣದಲ್ಲಿ ಬೆರೆತು ಅಂಟಿಕೊಂಡಿತ್ತು. ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರಿಂದ ಪೈಪು ಒಂದು ಬದಿಯಲ್ಲಿ ಕೂದಲೆಳೆಯಷ್ಟು ಎದ್ದು ನಿಂತಿತ್ತು. ಆ ಬದಿಯ ಅಲ್ಯೂಮಿನಿಯಂ ಮೇಲೆ ಬೀಸಣಿಗೆಯಾಕಾರದ ಕಪ್ಪು ಗೆರೆ ಸ್ಪಷ್ಟವಾಗಿ ಮೂಡಿತ್ತು. ಆ ಗೆರೆಯನ್ನು ನಾನು ಮೊದಲ ದಿನವೇ ನೋಡಬಹುದಿತ್ತು.

ಹೊಗೆ ಮಿಡಿತದ ರೂಪದಲ್ಲಿ ಹೊರಬರುವುದರಿಂದ ಎರಡು ಮಿಡಿತಗಳ ನಡುವೆ ಪೈಪಿನೊಳಗೆ ಒತ್ತಡ ತಗ್ಗುತ್ತದೆ. ಕೀಲಿನಲ್ಲಿ ಸಣ್ಣ ಸಂದು ಇದ್ದರೂ ಆಗ ಹೊರಗಿನ ಗಾಳಿ ಒಳನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪಿನಲ್ಲಿ ಹೊತ್ತಿಕೊಂಡು ಸಿಡಿಯುತ್ತದೆ. ಕಾರ್ಬೊರೇಟರಿನ ಬದಲು ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬೈಕುಗಳಲ್ಲಿ ಇದರ ಪರಿಣಾಮ ಇನ್ನೂ ಮೋಸದ್ದು: ಒಳನುಗ್ಗಿದ ಗಾಳಿಯನ್ನು ಹೊಗೆಯ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಲೀನ್ ಮಿಶ್ರಣವೆಂದು ಓದುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸುತ್ತದೆ.

ಆದ್ದರಿಂದ ಹಳೆಯ ಗ್ಯಾಸ್ಕೆಟನ್ನು ಟಾರ್ಚ್ ಹಿಡಿದು ಹುಡುಕಿ ತೆಗೆದು, ಹೊಸದನ್ನೇ ಹಾಕಬೇಕು. ಬೆಂಡ್ ಪೈಪಿನ ನಟ್ಟುಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಸೈಲೆನ್ಸರಿನ ಬ್ರಾಕೆಟ್ ಬೋಲ್ಟುಗಳನ್ನು ಸಡಿಲವಾಗಿಯೇ ಸೇರಿಸಿ, ಇಡೀ ಪೈಪು ಎಲ್ಲಿಯೂ ಎಳೆತವಿಲ್ಲದೆ ಸಹಜವಾಗಿ ಕುಳಿತ ಮೇಲೆ ಹೆಡ್ಡಿನ ಕಡೆಯಿಂದ ಆರಂಭಿಸಿ ಎರಡೂ ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬುದಕ್ಕೆ ಬೈಕಿನ ಸರ್ವಿಸ್ ಮ್ಯಾನುಯಲ್ಲಿನ ಟಾರ್ಕ್ ಅಂಕಿಯೇ ಆಧಾರ. ಸ್ಟಡ್ ಮುರಿದರೆ ಹೆಡ್ ಬಿಚ್ಚುವ ಕೆಲಸ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೋಪಿನ ನೀರನ್ನು ಬ್ರಷ್‌ನಲ್ಲಿ ಕೀಲುಗಳಿಗೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಮೊದಲ ಸವಾರಿಯ ನಂತರ ಪೂರ್ತಿ ಆರಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಗ್ಯಾಸ್ಕೆಟ್ ಅಮುಕಿಕೊಂಡು ಅವು ಸಡಿಲವಾಗಿರುತ್ತವೆ.

ಕಾರ್ಬೊರೇಟರ್ ಇರುವ ಬೈಕು

ಆಕ್ಸಿಲರೇಟರಿನ ಹಿಡಿಯ ಪಕ್ಕದ ಸ್ವಿಚ್ ಪೆಟ್ಟಿಗೆಯ ಮೇಲೆ ಒಂದು ತುಂಡು ಬಿಳಿ ಟೇಪು ಅಂಟಿಸಿ, ಹಿಡಿಯ ಅಂಚಿನಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಪೂರ್ತಿ ಮುಚ್ಚಿದಾಗ ಮತ್ತು ಪೂರ್ತಿ ತೆರೆದಾಗ ಆ ಗೆರೆ ನಿಲ್ಲುವ ಜಾಗಗಳನ್ನು ಟೇಪಿನ ಮೇಲೆ ಗುರುತಿಸಿ, ನಡುವಿನ ಅಂತರವನ್ನು ಕಾಲು, ಅರ್ಧ, ಮುಕ್ಕಾಲು ಎಂದು ಭಾಗಿಸಿಕೊಳ್ಳಿ. ಎರಡು ನಿಮಿಷದ ಈ ಕೆಲಸ ಉಳಿದೆಲ್ಲಕ್ಕಿಂತ ಮುಖ್ಯ. ಏಕೆಂದರೆ ದೋಷ ಆರ್‌ಪಿಎಮ್‌ಗೆ ಸೇರಿದ್ದಲ್ಲ, ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದಕ್ಕೆ ಸೇರಿದ್ದು. ಮುಚ್ಚಿದ ಸ್ಥಿತಿಯಿಂದ ಸುಮಾರು ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಮಿಶ್ರಣದ ಸ್ಕ್ರೂ, ಅಲ್ಲಿಂದ ಮುಕ್ಕಾಲು ಭಾಗದವರೆಗೆ ನೀಡಲ್, ಆಮೇಲೆ ಮೇನ್ ಜೆಟ್ ಆಳುತ್ತವೆ. ಗಡಿಗಳಲ್ಲಿ ಒಂದರ ಪ್ರಭಾವ ಇನ್ನೊಂದರ ಮೇಲೆ ಸ್ವಲ್ಪ ಚಾಚಿರುತ್ತದೆ.

ದೋಷ ಯಾವ ಗುರುತಿನ ಬಳಿ ಕಾಣಿಸುತ್ತದೆಂದು ತಿಳಿದ ಮೇಲೆ, ಅದು ಲೀನೋ ರಿಚ್ಚೋ ಎಂಬ ಪ್ರಶ್ನೆ. ಲೀನ್ ಆದ ಎಂಜಿನ್ ಸಮವೇಗದಲ್ಲಿ ಹಿಂದೆ ಮುಂದೆ ಜಗ್ಗುತ್ತದೆ, ಆಕ್ಸಿಲರೇಟರ್ ಬಿಟ್ಟ ಮೇಲೂ ಐಡ್ಲಿಂಗ್‌ಗೆ ಬೇಗ ಇಳಿಯುವುದಿಲ್ಲ, ಬೇಗನೆ ಕಾದುಹೋಗುತ್ತದೆ. ರಿಚ್ ಆದದ್ದು ತಣ್ಣಗಿರುವಾಗ ಚೆನ್ನಾಗಿ ಓಡಿ ಬಿಸಿಯಾದಂತೆ ಮಂಕಾಗುತ್ತದೆ, ಸೈಲೆನ್ಸರಿನ ತುದಿಯಲ್ಲಿ ಒಣ ಮಸಿ ಕಟ್ಟುತ್ತದೆ. ಅನುಮಾನವಿದ್ದರೆ ಎಂಜಿನ್ ಬಿಸಿಯಿರುವಾಗ, ದೋಷ ಕಾಣುವ ಅದೇ ಗುರುತಿನಲ್ಲಿ, ಮಿಶ್ರಣವನ್ನು ರಿಚ್ ಮಾಡುವ ಚೋಕನ್ನು ಸ್ವಲ್ಪವೇ ಎಳೆದು ನೋಡಬಹುದು: ಓಟ ಸುಧಾರಿಸಿದರೆ ಲೀನ್, ಇನ್ನಷ್ಟು ಕೆಟ್ಟರೆ ರಿಚ್. ಇಷ್ಟು ಸುಲಭವಾದ, ಖರ್ಚಿಲ್ಲದ ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ.

ಕೆಳಗಿನಿಂದ ಆರಂಭಿಸೋಣ. ಮಿಶ್ರಣದ ಸ್ಕ್ರೂ ಎಂಜಿನ್ನಿನ ಬದಿಗಿದ್ದರೆ ಅದು ಸಾಮಾನ್ಯವಾಗಿ ಪೆಟ್ರೋಲಿನದು, ಹೊರಕ್ಕೆ ತಿರುಗಿಸಿದಂತೆ ರಿಚ್. ಏರ್ ಫಿಲ್ಟರಿನ ಬದಿಗಿದ್ದರೆ ಗಾಳಿಯದು, ಹೊರಕ್ಕೆ ತಿರುಗಿಸಿದಂತೆ ಲೀನ್. ಸ್ಕ್ರೂವನ್ನು ಸುತ್ತು ಎಣಿಸುತ್ತ ನಿಧಾನವಾಗಿ ಒಳಕ್ಕೆ ತಿರುಗಿಸಿ, ತಾಗಿದ ಕೂಡಲೇ ನಿಲ್ಲಿಸಬೇಕು. ಒತ್ತಿ ಬಿಗಿದರೆ ಅದರ ಚೂಪು ತುದಿ ಕೆಡುತ್ತದೆ. ಎಣಿಸಿದ ಸಂಖ್ಯೆಯನ್ನು ಬರೆದುಕೊಂಡು ಅಷ್ಟೇ ಸುತ್ತು ಹಿಂದಕ್ಕೆ ತಂದ ನಂತರ, ಚೆನ್ನಾಗಿ ಬಿಸಿಯಾದ ಎಂಜಿನ್ನಿನಲ್ಲಿ ಕಾಲು ಸುತ್ತಿನಂತೆ ಬದಲಿಸುತ್ತ, ಐಡ್ಲಿಂಗ್ ಅತಿ ಹೆಚ್ಚಾಗಿ ಮತ್ತು ಅತಿ ಸಮನಾಗಿ ಕೇಳಿಸುವ ಜಾಗವನ್ನು ಹುಡುಕಬೇಕು. ಪೆಟ್ರೋಲ್ ಸ್ಕ್ರೂವಿನಲ್ಲಿ ಆ ಜಾಗ ಮೂರು ಸುತ್ತಿಗಿಂತ ಆಚೆ ಬಂದರೆ ಪೈಲಟ್ ಜೆಟ್ ಒಂದು ಅಳತೆ ದೊಡ್ಡದಾಗಬೇಕು, ಒಂದು ಸುತ್ತಿಗಿಂತ ಈಚೆ ಬಂದರೆ ಚಿಕ್ಕದಾಗಬೇಕು. ಇಳಿಜಾರಿನ ಸಿಡಿತ, ಸೋರಿಕೆ ಇಲ್ಲವೆಂದು ಖಚಿತವಾಗಿದ್ದರೆ, ಬಹುಮಟ್ಟಿಗೆ ಇಲ್ಲಿಯೇ ನಿಲ್ಲುತ್ತದೆ.

ಈಗ ನೀಡಲ್. ಕಾರ್ಬೊರೇಟರಿನಲ್ಲಿ ಮೇಲೆ ಕೆಳಗೆ ಸರಿಯುವ ಸ್ಲೈಡಿನೊಳಗೆ ತೂಗುವ ಈ ಉದ್ದನೆಯ ಸೂಜಿ ಕೆಳಕ್ಕೆ ಹೋದಂತೆ ಸಣ್ಣಗಾಗುತ್ತದೆ. ಮೇಲೇರಿದಷ್ಟೂ ಸುತ್ತಲಿನ ಸಂದು ಅಗಲವಾಗಿ ಪೆಟ್ರೋಲ್ ಹೆಚ್ಚು ಬರುತ್ತದೆ. ಅದರ ತಲೆಯ ಬಳಿ ಕಚ್ಚುಗಳಿದ್ದು, ಒಂದರಲ್ಲಿ ಪುಟ್ಟ ಕ್ಲಿಪ್ ಕುಳಿತಿರುತ್ತದೆ. ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇರಿ ಮಿಶ್ರಣ ರಿಚ್ ಆಗುತ್ತದೆ. ಇದನ್ನು ತಿರುವುಮುರುವು ಮಾಡಿಕೊಂಡು ಪರದಾಡಿದವರು ಅನೇಕರು. ಈಚಿನ ಹಲವು ಮೂಲ ಕಾರ್ಬೊರೇಟರುಗಳಲ್ಲಿ ಕಚ್ಚುಗಳೇ ಇರುವುದಿಲ್ಲ. ಅಲ್ಲಿ ನೀಡಲ್ ತಲೆಯ ಕೆಳಗೆ ಅರ್ಧ ಮಿಲಿಮೀಟರ್ ದಪ್ಪದ ಸಣ್ಣ ವಾಷರೊಂದನ್ನು ಇಟ್ಟು ಅದೇ ಫಲ ಪಡೆಯಬಹುದು. ಈ ಕೆಲಸವನ್ನು ಬಿಳಿ ಬಟ್ಟೆ ಹಾಸಿಕೊಂಡು ಮಾಡಿ. ಆ ಕ್ಲಿಪ್ ಹಾರಿ ಕಣದ ಸಂದಿಗೆ ಬಿದ್ದರೆ ಕಾಫಿ ಸಿಪ್ಪೆಯ ನಡುವೆ ಸಿಗುವುದಿಲ್ಲ. ಒಂದು ಸಲಕ್ಕೆ ಒಂದೇ ಕಚ್ಚು, ಆಮೇಲೆ ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಸವಾರಿ. ಕುಶಾಲನಗರದಿಂದ ಆನೆಕಾಡು ದಾಟಿ ಸುಂಟಿಕೊಪ್ಪದ ಕಡೆಗೆ ಏರುವ ರಸ್ತೆ ಇದಕ್ಕೆ ಅನುಕೂಲ. ವಾಹನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ, ವೇಗದ ಮಿತಿಯೊಳಗೆ, ಟೇಪಿನ ಅರ್ಧದ ಗುರುತನ್ನು ಸ್ಥಿರವಾಗಿ ಹಿಡಿದು ಹತ್ತಿದರೆ ಸಾಕು.

ಮೇನ್ ಜೆಟ್ ಕೊನೆಯದು. ಜೆಟ್ಟಿನ ಮೇಲಿನ ಸಂಖ್ಯೆ ರಂಧ್ರದ ವ್ಯಾಸವನ್ನು ಹೇಳುವಲ್ಲಿ, ಹರಿವು ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: 110ರಿಂದ 115ಕ್ಕೆ ಹೋದರೆ ಹೆಚ್ಚುವುದು ಶೇ 5 ಅಲ್ಲ, ಸುಮಾರು ಶೇ 9. ಒಂದು ಕಂಪನಿಯ ಸಂಖ್ಯೆ ಇನ್ನೊಂದು ಕಂಪನಿಯದಕ್ಕೆ ಹೊಂದುವುದಿಲ್ಲ. ಪ್ಲಗ್ ನೋಡಿ ನಿರ್ಧರಿಸುವುದಾದರೆ, ಪರೀಕ್ಷೆಯ ಏರಿನ ಕೊನೆಯಲ್ಲಿ ಕ್ಲಚ್ ಹಿಡಿದು ಕೂಡಲೇ ಎಂಜಿನ್ ಆಫ್ ಮಾಡಿ, ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಬಿಚ್ಚಬೇಕು. ಐಡ್ಲಿಂಗ್‌ನಲ್ಲಿ ಮನೆಗೆ ಬಂದು ಬಿಚ್ಚಿದ ಪ್ಲಗ್ ಐಡ್ಲಿಂಗ್‌ನ ಕಥೆಯನ್ನಷ್ಟೇ ಹೇಳುತ್ತದೆ. ತಿಳಿ ಕಂದು ಬಣ್ಣ ಸರಿ, ಸುಣ್ಣದಂಥ ಬಿಳುಪು ಲೀನ್, ಒಣ ಮಸಿ ರಿಚ್.

ಮಡಿಕೇರಿಯಲ್ಲಿ ಸರಿಯಾದದ್ದು ಮಂಗಳೂರಿನಲ್ಲಿ

ಕಾರ್ಬೊರೇಟರ್ ಇಟ್ಟುಕೊಂಡ ಕೊಡಗಿನ ಸವಾರರಿಗೆ ಇದೊಂದು ವಿಶೇಷ ತೊಡಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದು, ಅಲ್ಲಿಯ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಕಾರ್ಬೊರೇಟರಿನಲ್ಲಿ ಮಿಶ್ರಣದ ಅನುಪಾತ ಸಾಂದ್ರತೆಯ ವರ್ಗಮೂಲದಂತೆ ಬದಲಾಗುವುದರಿಂದ ಹದದಲ್ಲಿ ಆಗುವ ವ್ಯತ್ಯಾಸ ಸುಮಾರು ಶೇ 5. ಅಂದರೆ ಮಡಿಕೇರಿಯಲ್ಲಿ ಪೆಟ್ರೋಲಿನ ಒಂದು ಭಾಗಕ್ಕೆ 13 ಭಾಗ ಗಾಳಿ ಎಂದು ಚೆನ್ನಾಗಿ ಹೊಂದಿಸಿದ ಬೈಕು ಮಂಗಳೂರಿನಲ್ಲಿ 13.6ರ ಆಸುಪಾಸಿಗೆ ಹೋಗುತ್ತದೆ. ಘಾಟಿ ಇಳಿಯುವಾಗ ಎಂಜಿನ್ ಮೇಲೆ ಭಾರವಿಲ್ಲದ ಕಾರಣ ಏನೂ ತಿಳಿಯುವುದಿಲ್ಲ. ಸುಳ್ಯ, ಪುತ್ತೂರು ಕಳೆದು ಬಿ.ಸಿ. ರೋಡಿನ ನೇರ ಹೆದ್ದಾರಿಯಲ್ಲಿ, ಸೆಖೆಯಲ್ಲಿ, ಅರ್ಧ ಗಂಟೆ ಒಂದೇ ವೇಗ ಹಿಡಿದಾಗ ಎಂಜಿನ್ ಕಾಯಲಾರಂಭಿಸುತ್ತದೆ. ಮೊದಲೇ ಲೀನ್ ಆಗಿದ್ದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿ ಹಿಡಿಯುವುದೂ ಉಂಟು.

ಇದಕ್ಕೆ ನಾನು ಕಂಡುಕೊಂಡ ಮಾರ್ಗವೆಂದರೆ, ನೀಡಲ್ಲನ್ನು ಮಡಿಕೇರಿಯ ಏರುಗಳಿಗೆ ಹೊಂದಿಸಿ, ಮೇನ್ ಜೆಟ್ಟನ್ನು ಮಾತ್ರ ಕೆಳಗಿನ ಊರಿನಲ್ಲಿ ಪರೀಕ್ಷಿಸಿ ಆರಿಸುವುದು. ಮೇಲೆ ಪೂರ್ತಿ ತೆರೆದಾಗ ಅದು ಸ್ವಲ್ಪ ರಿಚ್ ಎನಿಸಿದರೂ ನಷ್ಟ ಸ್ವಲ್ಪ ಮಸಿ ಮಾತ್ರ. ಬೆಂಗಳೂರಿನಲ್ಲಿ ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಹೊಂದಿಸಿಕೊಂಡು ಬಂದವರಿಗೆ ಮಡಿಕೇರಿಯಲ್ಲಿ ತೊಂದರೆಯಾಗದು, ಏಕೆಂದರೆ ಬೆಂಗಳೂರು ಕೂಡ 900 ಮೀಟರಿಗಿಂತ ಎತ್ತರದಲ್ಲಿದೆ. ಅವರೂ ಕರಾವಳಿಗೆ ಇಳಿಯುವಾಗ ಇದೇ ಎಚ್ಚರ ವಹಿಸಬೇಕು.

ಇದರ ಜೊತೆಗೆ ಪೆಟ್ರೋಲ್ ಕೂಡ ಬದಲಾಗಿದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಭಾಗ ಗಾಳಿ ಬೇಕಾದರೆ, ಶೇ 10 ಎಥನಾಲ್ ಬೆರೆತದ್ದಕ್ಕೆ ಸುಮಾರು 14.1, ಶೇ 20 ಬೆರೆತದ್ದಕ್ಕೆ ಸುಮಾರು 13.5 ಸಾಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರ್ ಈಗಿನ ಇ20ಯಲ್ಲಿ ತಾನಾಗಿಯೇ ಲೀನ್ ಆಗಿರುತ್ತದೆ. ಸೈಲೆನ್ಸರ್ ಹಾಕುವ ಮೊದಲೇ ಬೈಕು ಜಗ್ಗುತ್ತಿದ್ದರೆ ಕಾರಣವನ್ನು ಇಲ್ಲಿಯೂ ಹುಡುಕಬೇಕು.

ಇಂಜೆಕ್ಷನ್ ಬೈಕು

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್6 ಹೊಗೆ ನಿಯಮದ ನಂತರದ ಬಹುತೇಕ ಎಲ್ಲ ಬೈಕುಗಳೂ ಇಂಜೆಕ್ಷನ್ನಿನವು. ಇವುಗಳಲ್ಲಿ ಎತ್ತರದ ಲೆಕ್ಕವನ್ನು ಒತ್ತಡದ ಸೆನ್ಸರ್ ನೋಡಿಕೊಳ್ಳುವುದರಿಂದ ಘಾಟಿಯ ತೊಡಕು ಇಲ್ಲ. ಸಮವೇಗದ ಸವಾರಿಯಲ್ಲಿ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಪೆಟ್ರೋಲನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ. ಆದರೆ ಆಕ್ಸಿಲರೇಟರನ್ನು ಜೋರಾಗಿ ತಿರುಗಿಸಿದಾಗ ಸೆನ್ಸರನ್ನು ಬದಿಗಿಟ್ಟು, ಮೂಲ ಸೈಲೆನ್ಸರಿಗೆಂದು ಬರೆದ ಕೋಷ್ಟಕವನ್ನೇ, ಅಂದರೆ ಮ್ಯಾಪನ್ನೇ, ಅನುಸರಿಸುತ್ತದೆ. ತುದಿಯ ಸೈಲೆನ್ಸರ್ ಮಾತ್ರ ಬದಲಿಸಿದವರಿಗೆ ಈ ತಿದ್ದುಪಡಿಯೇ ಸಾಮಾನ್ಯವಾಗಿ ಸಾಕಾಗುತ್ತದೆ, ಮ್ಯಾಪ್ ಬದಲಿಸುವ ಖರ್ಚು ಬೇಕಿಲ್ಲ. ಅಂಗಡಿಯವರು ಬೇರೆ ಹೇಳಿದರೆ ಅಳತೆ ಕೇಳಿ.

ಅಳತೆ ಎರಡು ಬಗೆ. ಮೊದಲನೆಯದು, ಬೈಕಿನ ಒಬಿಡಿ (ದೋಷ ಪತ್ತೆಯ) ಕನೆಕ್ಟರಿಗೆ ರೀಡರ್ ಜೋಡಿಸಿ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ತಿದ್ದುತ್ತಿದೆ ಎಂಬುದನ್ನು, ಓದುವುದು. ಹಲವು ಬೈಕುಗಳಲ್ಲಿ ಇದು ಸೀಟಿನ ಕೆಳಗೆ ಇರುವ ಆರು ಪಿನ್ನಿನ ಕನೆಕ್ಟರ್, ಕಾರಿನ ರೀಡರಿಗೆ ಜೋಡಿಸಲು ಪರಿವರ್ತಕ ಕೇಬಲ್ ಬೇಕು. ದೀರ್ಘಾವಧಿಯ ಟ್ರಿಮ್ ಶೇ 10ರೊಳಗೆ ನಿಂತರೆ ಇಸಿಯು ನಿಭಾಯಿಸುತ್ತಿದೆ ಎಂದರ್ಥ. ಮಿತಿಯ ಅಂಚಿಗೆ ಹೋಗಿ ನಿಂತಿದ್ದರೆ ಮೊದಲು ಸೋರಿಕೆ ಹುಡುಕಿ, ಆಮೇಲೆ ಮ್ಯಾಪಿನ ಯೋಚನೆ ಮಾಡಿ. ಎರಡನೆಯದು ವೈಡ್‌ಬ್ಯಾಂಡ್ ಸೆನ್ಸರ್. ಮೂಲ ಸೆನ್ಸರ್ ಮಿಶ್ರಣ ಸಮತೋಲದ ಆಚೆಗಿದೆಯೋ ಈಚೆಗಿದೆಯೋ ಎಂದಷ್ಟೇ ಹೇಳಬಲ್ಲದು. ಎಷ್ಟು ಎಂದು ಹೇಳುವುದು ವೈಡ್‌ಬ್ಯಾಂಡ್. ಅದನ್ನು ಕನ್ವರ್ಟರಿಗಿಂತ ಮೊದಲು, ತೇವ ನಿಲ್ಲದಂತೆ ಅಡ್ಡಕ್ಕಿಂತ ಮೇಲ್ಮುಖವಾಗಿ ಓರೆಯಲ್ಲಿ ಕೂರಿಸಬೇಕು. ಎಥನಾಲ್ ಪ್ರಮಾಣ ಬದಲಾಗುತ್ತಿರುವ ಈ ಕಾಲದಲ್ಲಿ ಗಾಳಿ-ಪೆಟ್ರೋಲ್ ಅನುಪಾತಕ್ಕಿಂತ ಲ್ಯಾಂಬ್ಡಾ ಅಂಕಿ (ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಪಟ್ಟು ಎಂಬುದು; 1ಕ್ಕಿಂತ ಕಡಿಮೆಯಾದರೆ ರಿಚ್) ನಂಬಿಕೆಗೆ ಅರ್ಹ: ಸಮವೇಗದಲ್ಲಿ 1ರ ಆಸುಪಾಸು, ಅರ್ಧ ತೆರೆದು ಏರುವಾಗ 0.92ರಿಂದ 0.95, ಪೂರ್ತಿ ತೆರೆದಾಗ 0.86ರಿಂದ 0.90. ಆಕ್ಸಿಲರೇಟರ್ ಮುಚ್ಚಿ ಇಳಿಯುವಾಗ ಇಸಿಯು ಪೆಟ್ರೋಲನ್ನೇ ನಿಲ್ಲಿಸುವುದರಿಂದ ಅಂಕಿ ವಿಪರೀತ ಲೀನ್ ತೋರಿಸುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ತಿದ್ದಲೇಬೇಕಾದರೆ ಇಸಿಯು ಮತ್ತು ಇಂಜೆಕ್ಟರ್ ನಡುವೆ ಕುಳಿತು ಪೆಟ್ರೋಲ್ ಬಿಡುವ ಅವಧಿಯನ್ನು ಹಿಗ್ಗಿಸುವ, ಪವರ್ ಕಮಾಂಡರ್ ಬಗೆಯ ಪೆಟ್ಟಿಗೆಗಳಿವೆ. ಇಸಿಯುವಿನ ಮ್ಯಾಪನ್ನೇ ಬದಲಿಸುವವರೂ ಇದ್ದಾರೆ. ಎರಡರಲ್ಲಿಯೂ ಬೈಕಿನ ವಾರಂಟಿಯ ಪ್ರಶ್ನೆ ಬರುತ್ತದೆ. ಆಕ್ಸಿಜನ್ ಸೆನ್ಸರನ್ನು ಬಿಚ್ಚಿ ಅದರ ಜಾಗಕ್ಕೆ ಅಗ್ಗದ ರೆಸಿಸ್ಟರ್ ಪ್ಲಗ್ ಚುಚ್ಚುವುದನ್ನು ಮಾತ್ರ ಒಪ್ಪಬೇಡಿ: ಇಸಿಯುವಿನ ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಅದು ತಿದ್ದಿಕೊಳ್ಳುತ್ತಿದ್ದಷ್ಟನ್ನೂ ತಿದ್ದಿಕೊಳ್ಳುವುದಿಲ್ಲ. ಹೊಸ ಪೈಪಿನಲ್ಲಿ ಸೆನ್ಸರಿಗೆ ಜಾಗವಿದೆಯೇ, ಅದು ಮೂಲ ಪೈಪಿನಲ್ಲಿದ್ದಷ್ಟೇ ದೂರದಲ್ಲಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಅಳೆದು ನೋಡಬೇಕು.

ಬದಲಿಸಿದ್ದೆಲ್ಲವನ್ನೂ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದು ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ನನ್ನದರ ಕೊನೆಯ ಪುಟದಲ್ಲಿ ಹೀಗಿದೆ: "ಮೇನ್ 112, ನೀಡಲ್ ಮೇಲಿನಿಂದ ನಾಲ್ಕನೇ ಕಚ್ಚು, ಸ್ಕ್ರೂ ಎರಡೂಕಾಲು ಸುತ್ತು, ಬೆಳಿಗ್ಗೆ ಏಳು ಗಂಟೆ, ಮಂಜು, ಅರ್ಧ ಗುರುತಿನಲ್ಲಿ ಸಮ." ಮಂಜಿನ ದಿನ ಹೊಂದಿಸಿದ್ದನ್ನು ಬಿಸಿಲಿನ ದಿನವೊಂದರಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕು. ಮೂಲ ಸೈಲೆನ್ಸರನ್ನು ಗುಜರಿಗೆ ಹಾಕದೆ, ಒಳಗೆ ಸ್ವಲ್ಪ ಎಣ್ಣೆ ಸವರಿ, ಎರಡೂ ಬಾಯಿಗಳಿಗೆ ಬಟ್ಟೆ ತುರುಕಿ ಅಟ್ಟದ ಮೇಲೆ ಇಡಿ. ಬಟ್ಟೆ ತುರುಕದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ.